ಆರನೇ ಮೂಗು

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ನಿಯಂತ್ರಣ ಕೊಠಡಿಯ ಗೋಡೆ ಪರದೆ ಆರನೇ ಮೂಗಿನ ಅಂಕಿಯನ್ನು ಹಸಿರು ಬಣ್ಣದಲ್ಲಿ ತೋರಿಸುತ್ತಿತ್ತು: ಸೊನ್ನೆ ಬಿಂದು ಎರಡು. ಆರನೇ ಮೂಗು ಸತ್ತು ಮೂರು ವಾರವಾಗಿತ್ತು.

ಮೂಗು ಎಂಬುದು ಸುರಂಗದ ಕೆಲಸಗಾರರು ಇಟ್ಟ ಹೆಸರು. ಬೆಟ್ಟದ ಹೊಟ್ಟೆಯೊಳಗೆ ನೀರು ಹರಿಸಲು ಕೊರೆಯುತ್ತಿದ್ದ ಸುರಂಗದ ಗೋಡೆಗೆ ಅಲ್ಲಲ್ಲಿ ಸಿಕ್ಕಿಸಿದ್ದ, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗಳು ಅವು. ಬಂಡೆಯ ಸಂದಿಯಿಂದ ಹೊರಡುವ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮನುಷ್ಯನ ಮೂಗಿಗೆ ತಿಳಿಯದ್ದನ್ನು ಈ ಪೆಟ್ಟಿಗೆಗಳು ಅಳೆದು ಹೇಳುತ್ತಿದ್ದವು. ನೂರು ಪಾಲು ಗಾಳಿಯಲ್ಲಿ ಒಂದು ಪಾಲು ಅನಿಲ ಕಂಡರೆ ಒಳಗಿದ್ದವರೆಲ್ಲ ಕೆಲಸ ಬಿಟ್ಟು ಹೊರಗೆ ಬರಬೇಕು. ಐದು ಪಾಲಾದರೆ ಒಂದು ಕಿಡಿ ಸಾಕು.

ಯುಪಿಎಸ್‌ನ ಹೊಸ ಬ್ಯಾಟರಿಯನ್ನು ಸೊಂಟಕ್ಕೆ ಆನಿಸಿಕೊಂಡು ಒಳಗೆ ಬಂದ ಅಕ್ಕ ಬಾಗಿಲಲ್ಲೇ ನಿಂತಳು. ಶಿಬಿರದ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವುದು ಅವಳ ಕೆಲಸ. ಅವಳ ತಮ್ಮ ಸುರಂಗದೊಳಗೆ ಕಲ್ಲುಮಣ್ಣಿನ ಗಾಡಿಯ ಇಂಜಿನ್ ಓಡಿಸುವವನು. ಅವನು ಎಲ್ಲಿಂದಲೋ ಗಂಟಲು ಹರಿಯುವಂತೆ ‘ಅಕ್ಕಾ’ ಎಂದು ಕೂಗಿ ಕೂಗಿ ಶಿಬಿರದವರಿಗೆಲ್ಲ ಅವಳು ಅಕ್ಕನೇ ಆಗಿಬಿಟ್ಟಿದ್ದಳು. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಪಾಳಿ ಎಂಜಿನಿಯರ್ ಕೂಡ ಒಮ್ಮೊಮ್ಮೆ ಬಾಯಿತಪ್ಪಿ ಹಾಗೆಯೇ ಕರೆದು, ಆಮೇಲೆ ಸುಮ್ಮನೆ ಕೆಮ್ಮುತ್ತಿದ್ದರು.

“ಸಾರ್, ಆರನೇದು ಯಾವಾಗಿಂದ ತೋರಿಸ್ತಿದೆ?”

“ಬೆಳಿಗ್ಗೆ ಕರೆಂಟ್ ಹೋಗಿ ಬಂತಲ್ಲ, ಆಗಿಂದ.” ಎಂಜಿನಿಯರ್ ಪಾಳಿಯ ವರದಿ ಬರೆಯುತ್ತಿದ್ದವರು ತಲೆ ಎತ್ತಲಿಲ್ಲ. “ಅಂತೂ ಹೊಸದು ಹಾಕಿಸಿದ್ರಲ್ಲ. ನಾನು ಬಾಯಿ ಬಡ್ಕೊಂಡಿದ್ದು ಸಾರ್ಥಕ ಆಯ್ತು.”

“ನಾನು ಹಾಕಿಸಿಲ್ಲ.”

“ಮತ್ತೆ ಯಾರು ಹಾಕಿದ್ದು, ನಮ್ಮಜ್ಜಿನಾ?”

“ಹೊಸದು ನನ್ನ ಮೇಜಿನ ಕೆಳಗೆ ಡಬ್ಬದಲ್ಲಿದೆ ಸಾರ್, ಟೇಪು ಕೂಡ ಬಿಚ್ಚಿಲ್ಲ. ಹಳೇದರ ಮುಚ್ಚಳ ನಮ್ಮ ಬಚ್ಚಲುಮನೇಲಿ ಸೋಪು ಹೊತ್ಕೊಂಡು ಕೂತಿದೆ. ಹಾಗಾದ್ರೆ ಇದು ಯಾವುದು?”

ಎಂಜಿನಿಯರ್ ಪೆನ್ನು ಕೆಳಗಿಟ್ಟರು.

ಮೂರು ವಾರದ ಹಿಂದೆ ಬಂಡೆ ಸಿಡಿಸಿದ ಮೇಲೆ ಮೇಲಿಂದ ಕಳಚಿದ ಕಲ್ಲೊಂದು ಆರನೇ ಮೂಗನ್ನು ಅಪ್ಪಚ್ಚಿ ಮಾಡಿತ್ತು. ಅದರ ಲೋಹದ ಮುಚ್ಚಳ ಮಾತ್ರ ನೆಗ್ಗದೆ ಉಳಿದಿದ್ದರಿಂದ ತಮ್ಮ ಅದನ್ನು ಒರೆಸಿ ಮನೆಗೆ ತಂದ. ಗಾಳಿಯಾಡಲು ಕೊರೆದ ತೂತುಗಳು ನೀರು ಬಸಿಯಲು ಹೇಳಿ ಮಾಡಿಸಿದಂತಿವೆ ಎಂದು ಅಮ್ಮ ಅದರಲ್ಲಿ ಸೋಪು ಇಟ್ಟಳು. ಅಂದು ಬೆಳಿಗ್ಗೆ ಕೂಡ ತಮ್ಮ ಮುಖಕ್ಕೆ ಸೋಪು ಮೆತ್ತಿಕೊಂಡು ಬಾಗಿಲ ಸಂದಿಯಿಂದ ಕೂಗಿದ್ದ: “ಅಮ್ಮಾ, ಈ ಮೂಗಿಗೆ ನೆಗಡಿ ಕಣಮ್ಮ, ನಿಲ್ಲದೆ ಸೋರ್ತಿದೆ!”

“ಬೇಗ ಬಾರೋ, ಗಾಡಿ ತಪ್ಪತ್ತೆ,” ಎಂದಿದ್ದಳು ಅಕ್ಕ, ಹೊರಗಿನಿಂದ ಬಾಗಿಲು ಬಡಿಯುತ್ತ.

“ಗಾಡಿ ಓಡಿಸೋನೇ ನಾನು ಕಣೇ. ನಾನು ಹೋಗದೆ ಅದು ಹೆಂಗೆ ತಪ್ಪತ್ತೆ?”

ಅವನ ಪಾಳಿ ಸಂಜೆ ನಾಲ್ಕರವರೆಗೆ. ಈಗ ಅವನು ಒಳಗಿದ್ದ.

ಪರದೆಗೆ ಅಂಕಿ ಬರುವ ದಾರಿ ಹೀಗೆ. ಸುರಂಗದ ಬಾಯಿಯ ಬಳಿ ತಗಡಿನ ಶೆಡ್ಡಿನಲ್ಲಿ ಒಂದು ಸರ್ವರ್ ಇದೆ. ಮೂಗುಗಳು ಅಳೆದದ್ದೆಲ್ಲ ಅದರಲ್ಲಿರುವ ‘ಗಾಳಿ’ ಎಂಬ ಫೋಲ್ಡರಿಗೆ ಬಂದು ಬೀಳುತ್ತದೆ. ಸರ್ವರ್ ಆ ಫೋಲ್ಡರನ್ನು ನೆಟ್‌ವರ್ಕಿನ ಮೂಲಕ, ಒಂದು ಕಿಲೋಮೀಟರ್ ಮೇಲಿರುವ ನಿಯಂತ್ರಣ ಕೊಠಡಿಯ ಕಂಪ್ಯೂಟರಿನೊಂದಿಗೆ ಹಂಚಿಕೊಳ್ಳುತ್ತದೆ. ಹಂಚುವುದೆಂದರೆ ನಕಲು ಕಳಿಸುವುದಲ್ಲ. ಫೋಲ್ಡರ್ ಇರುವುದು ಕೆಳಗೇ, ತೆರೆದುಕೊಳ್ಳುವುದು ಮಾತ್ರ ಮೇಲೆ. ಪಕ್ಕದ ಮನೆಯ ಕಪಾಟಿನ ಬಾಗಿಲು ನಮ್ಮ ಗೋಡೆಯಲ್ಲಿದ್ದ ಹಾಗೆ. ಅದಕ್ಕೆ ಜಾಗ ಕೊಡಲು ಮೇಲಿನ ಕಂಪ್ಯೂಟರಿನಲ್ಲೂ ‘ಗಾಳಿ’ ಎಂಬ ಖಾಲಿ ಫೋಲ್ಡರ್ ಒಂದಿರಬೇಕು. ಕೆಳಗಿನಿಂದ ಬಂದದ್ದು ಅದರ ಮೇಲೆ ಚಾಪೆಯ ಹಾಗೆ ಹಾಸಿಕೊಳ್ಳುತ್ತದೆ. ಚಾಪೆ ಇರುವಷ್ಟು ಹೊತ್ತು ಅಡಿಯ ನೆಲ ಕಾಣುವುದಿಲ್ಲ.

ಅಕ್ಕ ಬ್ಯಾಟರಿಯನ್ನು ನೆಲಕ್ಕಿಟ್ಟು, ಕೂರದೆ, ನಿಂತೇ ಟೈಪು ಮಾಡಿದಳು. ಹೊರಗಿನಿಂದ ಹಂಚಿಕೊಂಡ ಫೋಲ್ಡರುಗಳು ಯಾವುವು? ಕಂಪ್ಯೂಟರ್ ಖಾಲಿ ಸಾಲು ತೋರಿಸಿತು. ಚಾಪೆ ಇರಲಿಲ್ಲ. ಪರದೆ ಇಷ್ಟು ಹೊತ್ತು ಓದುತ್ತಿದ್ದುದು ನೆಲವನ್ನು.

ನೆಲ ಖಾಲಿಯೂ ಇರಲಿಲ್ಲ. ಅಲ್ಲಿ ಆರು ಫೈಲುಗಳಿದ್ದವು, ಆರೂ ಎರಡು ವರ್ಷ ಹಳೆಯವು. ತಾರೀಕು ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು. ಅದು ನಿಯಂತ್ರಣ ಕೊಠಡಿಯ ಉದ್ಘಾಟನೆಯ ದಿನ. ಗೋಡೆಗೆ ತೂಗುಹಾಕಿದ್ದ ಗುಂಪು ಫೋಟೋದ ಕೆಳಗೂ ಅದೇ ತಾರೀಕಿತ್ತು. ಆವತ್ತಿಗೆ ಸುರಂಗದಿಂದ ತಂತಿ ಎಳೆದು ಮುಗಿದಿರಲಿಲ್ಲ. ಬಂದ ದೊಡ್ಡವರಿಗೆ ಪರದೆ ಖಾಲಿ ಕಾಣಬಾರದೆಂದು, ಯಂತ್ರ ಜೋಡಿಸಿದ ಗುತ್ತಿಗೆದಾರ ಆರು ಮೂಗುಗಳ ಒಂದು ದಿನದ ಅಂಕಿಗಳನ್ನು ತಾನೇ ಕೂತು ತಯಾರಿಸಿದ್ದ. ಗಂಟೆಗೆ ತಕ್ಕಂತೆ ಸ್ವಲ್ಪ ಏರುತ್ತ, ಸ್ವಲ್ಪ ಇಳಿಯುತ್ತ, ಎಲ್ಲೂ ಅರ್ಧ ದಾಟದ ಅಚ್ಚುಕಟ್ಟಾದ ಅಂಕಿಗಳು. ಮರುವಾರ ತಂತಿ ಬಂತು, ಚಾಪೆ ಹಾಸಿತು, ಅಡಿಯಲ್ಲಿ ಉಳಿದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

“ಸಾರ್, ಇದು ಉದ್ಘಾಟನೆ ದಿನದ ನಾಟಕ. ನಿಜವಾದ್ದಲ್ಲ.”

“ಆದ್ರೆ ಅಂಕಿ ಬದಲಾಗ್ತಾ ಇದೆಯಲ್ಲಮ್ಮ?”

“ಗಡಿಯಾರ ನೋಡ್ಕೊಂಡು ಬದಲಾಗೋ ಹಾಗೆ ಮಾಡಿದ್ದಾರೆ. ಇವತ್ತು ಎರಡು ಗಂಟೆಗೆ, ಆವತ್ತಿನ ಎರಡು ಗಂಟೆದು ತೋರಿಸತ್ತೆ.”

ಎಂಜಿನಿಯರ್ ಎದ್ದು ಪರದೆಯ ಹತ್ತಿರ ಹೋದರು. ಮುಟ್ಟಿದರೆ ತಿಳಿಯುತ್ತದೆ ಎಂಬಂತೆ ಆರನೇ ಚೌಕದ ಮೇಲೆ ಬೆರಳಿಟ್ಟರು. ಸೊನ್ನೆ ಬಿಂದು ಎರಡು, ಅವರ ಬೆರಳಿನ ಕೆಳಗೇ ಸೊನ್ನೆ ಬಿಂದು ಮೂರಾಯಿತು.

“ಕರೆಂಟ್ ಹೋಗಿದ್ದು ಹನ್ನೊಂದಕ್ಕೆ,” ಎಂದರು. ದನಿ ಇಳಿದಿತ್ತು. “ಹಾಗಾದ್ರೆ ಮೂರು ಗಂಟೆಯಿಂದ…”

“ಮೂರು ಗಂಟೆಯಿಂದ ಒಳಗೆ ಏನಾಗ್ತಿದೆ ಅಂತ ನಮಗೆ ಗೊತ್ತಿಲ್ಲ ಸಾರ್. ಸೈರನ್ ಒತ್ತಿ.”

ಸೈರನ್ನಿನ ಗುಂಡಿ ಮೇಜಿನ ಬಲ ತುದಿಯಲ್ಲಿತ್ತು, ಗಾಜಿನ ಮುಚ್ಚಳದ ಕೆಳಗೆ. ಮೊದಲು ಮೂಗುಗಳೇ ಕೂಗುತ್ತಿದ್ದವು. ಸಿಡಿತದ ದೂಳಿಗೂ ಕೂಗಿ ಕೂಗಿ ದಿನಕ್ಕೆರಡು ಸಲ ಕೆಲಸ ನಿಲ್ಲಿಸುತ್ತಿದ್ದುದರಿಂದ ಅವುಗಳ ಬಾಯಿ ಕಟ್ಟಿ, ಪರದೆ ನೋಡಿ ಮನುಷ್ಯರೇ ಒತ್ತುವ ಏರ್ಪಾಟು ಮಾಡಲಾಗಿತ್ತು. ಕಳೆದ ತಿಂಗಳು ಇದೇ ಎಂಜಿನಿಯರ್ ಒಂದು ತಪ್ಪು ಅಂಕಿಗೆ ಹೆದರಿ ಒತ್ತಿದ್ದರು. ಓಡುವ ನೂಕುನುಗ್ಗಲಲ್ಲಿ ಒಬ್ಬ ಕೆಲಸಗಾರ ಹಳಿಯ ಮೇಲೆ ಬಿದ್ದು, ಹಿಂದಿನವರ ಬೂಟುಗಳಡಿ ಅವನ ಕಾಲು ಎರಡು ಕಡೆ ಮುರಿಯಿತು. ಅವನು ಇನ್ನೂ ಆಸ್ಪತ್ರೆಯಲ್ಲಿದ್ದ. ಎಂಜಿನಿಯರ್ ವಾರಕ್ಕೊಮ್ಮೆ ಹೋಗಿ ಅವನ ಮಂಚದ ಪಕ್ಕ ಕೂತು ಬರುತ್ತಿದ್ದರು.

ಅವರ ಕೈ ಗಾಜಿನವರೆಗೆ ಹೋಗಿ ನಿಂತಿತು.

“ಒಂದು ಅಂಕಿ ಕೊಡಮ್ಮ. ಒಂದೇ ಒಂದು ನಿಜವಾದ್ದು. ಒತ್ತುತ್ತೀನಿ.”

ಅಕ್ಕ ಚಾಪೆಯನ್ನು ಮತ್ತೆ ಹಾಸಲು ಆಜ್ಞೆ ಕೊಟ್ಟಳು. ಉತ್ತರ ತಕ್ಷಣ ಬಂತು: ಪ್ರವೇಶ ಇಲ್ಲ. ಇನ್ನೊಮ್ಮೆ ಕೊಟ್ಟಳು. ಪ್ರವೇಶ ಇಲ್ಲ. ಸರ್ವರ್ ಬದುಕಿತ್ತು, ಮಾತಾಡುತ್ತಿತ್ತು, ಆದರೆ ಇವಳನ್ನು ಗುರುತಿಸುತ್ತಿರಲಿಲ್ಲ.

ಅಷ್ಟರಲ್ಲಿ ಎಂಜಿನಿಯರ್ ಸುರಂಗದ ಒಳಗಿನ ಫೋನಿಗೆ ಕರೆ ಮಾಡಿದ್ದರು. ಅದು ಬಡಿದುಕೊಳ್ಳುತ್ತಲೇ ಇತ್ತು. ಕೊರೆಯುವ ಯಂತ್ರದ ಸದ್ದಿನಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಸುರಂಗದ ಬಾಯಿಯಲ್ಲಿ ಕೂರುವ ಕಾವಲುಗಾರನಿಗೆ ಮಾಡಿ, ಇಬ್ಬರಿಗೂ ಕೇಳುವಂತೆ ಸ್ಪೀಕರ್ ಒತ್ತಿದರು.

“ಶೆಡ್ಡಲ್ಲಿ ಮಿಷನ್ ಆನ್ ಇದೆಯಾ ನೋಡಯ್ಯ.”

“ಇದೆ ಸಾರ್, ಲೈಟು ಮಿಣಮಿಣ ಅಂತಿದೆ.”

“ಅಂಕಿ ಏನಾದ್ರೂ ಕಾಣತ್ತಾ?”

“ಎಲ್ಲಿ ಕಾಣತ್ತೆ ಸಾರ್? ಇಲ್ಲಿದ್ದ ಪರದೆನ ನೀವೇ ಮೇಲೆ ಹೊತ್ಕೊಂಡು ಹೋದ್ರಲ್ಲ, ಎಲ್ಲ ಒಂದೇ ಕಡೆ ಇರ್ಲಿ ಅಂತ.”

“ಒಳಗೆ ಎಷ್ಟು ಜನ?”

“ಹಲಗೇಲಿ ಹನ್ನೆರಡು ಬಿಲ್ಲೆ ಇದೆ. ಯಾಕೆ ಸಾರ್, ಏನಾಯ್ತು?” ಕಾವಲುಗಾರ ಒಂದು ಕ್ಷಣ ತಡೆದು ಹೇಳಿದ: “ಅಂದ ಹಾಗೆ ಸಾರ್, ಬೆಳಿಗ್ಗೆಯಿಂದ ಸುರಂಗದ ಬಾಯಲ್ಲಿ ಗಾಳಿ ಸ್ವಲ್ಪ ಮಂದ ಅನ್ನಿಸ್ತಿದೆ. ದಿನಾ ನನ್ನ ಟೋಪಿ ಹಾರಿಸ್ತಿತ್ತು. ಇವತ್ತು ಬೀಡಿ ಹೊಗೆನೂ ನೆಟ್ಟಗೆ ಹೋಗ್ತಿದೆ.”

“ಬೀಡಿ ಆರಿಸು,” ಎಂದು ಎಂಜಿನಿಯರ್ ಕಿರುಚಿದರು.

ಸುರಂಗದ ತಿರುವಿನಲ್ಲಿ ಒಂದು ದೊಡ್ಡ ಫ್ಯಾನು ಒಳಗಿನ ಗಾಳಿಯನ್ನು ಹೊರಗೆ ದೂಡುತ್ತಿತ್ತು. ಕರೆಂಟು ಹೋಗಿ ಬಂದರೆ ಅದು ತಾನಾಗಿ ತಿರುಗುವುದಿಲ್ಲ. ಯಾರಾದರೂ ಹೋಗಿ ಗುಂಡಿ ಒತ್ತಬೇಕು. ಒತ್ತದಿದ್ದರೆ ಹತ್ತು ನಿಮಿಷದಲ್ಲಿ ಪರದೆಯ ಅಂಕಿಗಳು ಏರಿ ವಿಷಯ ಹೇಳುತ್ತಿದ್ದವು. ಇಂದು ಪರದೆ ಏನೂ ಹೇಳಿರಲಿಲ್ಲ.

ಅವಳು ಮತ್ತೆ ಕೀಲಿಮಣೆಗೆ ಬಗ್ಗಿದಳು. ಸರ್ವರ್ ತನ್ನ ಫೋಲ್ಡರನ್ನು ಸಿಕ್ಕವರಿಗೆಲ್ಲ ಹಂಚುವುದಿಲ್ಲ. ಈ ಕೊಠಡಿಯ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ ಯಾವುದೋ, ಆ ಒಂದು ವಿಳಾಸಕ್ಕೆ ಮಾತ್ರ ಬಾಗಿಲು ತೆಗೆಯುತ್ತದೆ. ಬೇರೆಯವರು ಬಂದರೆ ಮುಚ್ಚಿದ ಬಾಗಿಲು. ಅವಳು ತನ್ನ ವಿಳಾಸ ನೋಡಿದಳು. ಕೊನೆಯ ಸಂಖ್ಯೆ ಇಪ್ಪತ್ತು ಇರಬೇಕಿತ್ತು, ಮೂವತ್ತೇಳು ಇತ್ತು. ಯುಪಿಎಸ್ ಬ್ಯಾಟರಿ ಸತ್ತಿದ್ದರಿಂದ ಕರೆಂಟಿನ ಜೊತೆ ಕಂಪ್ಯೂಟರೂ ಆರಿ ಮತ್ತೆ ಹೊತ್ತಿಕೊಂಡಿತ್ತು. ವಿಳಾಸಗಳನ್ನು ಕೊಡುವ ರೌಟರ್ ಅದಕ್ಕೆ ಹೊಸದೊಂದನ್ನು ಕೊಟ್ಟಿತ್ತು. ಹಳೆಯದು ಬೇರೆ ಯಾರಿಗೋ ಹೋಗಿತ್ತು.

“ನನ್ನ ನಂಬರು ಯಾರೋ ತಗೊಂಡಿದ್ದಾರೆ,” ಎಂದಳು.

“ಯಾರು?”

ರೌಟರಿನ ಪುಟ ತೆರೆಯಲು ಒಂದು ಯುಗವಾದಂತೆನಿಸಿತು. ಇಪ್ಪತ್ತರ ಮುಂದೆ ಬರೆದಿತ್ತು: ಕ್ಯಾಂಟೀನ್ ಟಿವಿ.

ಎಂಜಿನಿಯರ್ ಏನೋ ಹೇಳಲು ಬಾಯಿ ತೆರೆದಾಗ ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಕ್ಯಾಂಟೀನು ಅಂಗಳದ ಆಚೆ ಬದಿಗಿತ್ತು. ರಾತ್ರಿ ಪಾಳಿಯ ಮೂವತ್ತು ಮಂದಿ ನಿದ್ದೆ ಬಿಟ್ಟು ಮ್ಯಾಚು ನೋಡುತ್ತಿದ್ದರು. ಗಲ್ಲಾಪೆಟ್ಟಿಗೆಯ ಮೇಲಿದ್ದ ಹಣವನ್ನೂ ಮರೆತು ಕ್ಯಾಂಟೀನಿನವನು ಬೆಂಚಿನ ಮೇಲೆ ನಿಂತಿದ್ದ. ಅಕ್ಕ ಯಾರ ಮುಖವನ್ನೂ ನೋಡದೆ, ಕಾಲುಗಳನ್ನು ದಾಟಿ, ಗೋಡೆಯ ಪ್ಲಗ್ಗನ್ನು ಕಿತ್ತಳು. ಪರದೆ ಕಪ್ಪಾಯಿತು. ಮೂವತ್ತು ಗಂಟಲು ಒಟ್ಟಿಗೆ ಎದ್ದವು.

“ಅಯ್ಯೋ ಅಕ್ಕಾ! ಇನ್ನೆರಡೇ ನಿಮಿಷ ಇತ್ತು!”

“ಏನಕ್ಕಾ, ನಿಮ್ಮ ಟೀಮು ಸೋಲ್ತಿತ್ತಾ?”

“ಬಿಲ್ಲು ಕಟ್ಟಿದೀನಿ ತಾಯಿ, ಬೇಕಾದ್ರೆ ರಸೀದಿ ತೋರಿಸ್ತೀನಿ,” ಎಂದ ಕ್ಯಾಂಟೀನಿನವನು ಬೆಂಚಿನ ಮೇಲಿಂದಲೇ.

ಹೇಳಬೇಕಾದದ್ದು ಒಂದೇ ಮಾತು: ಮತ್ತೆ ಹಾಕಬೇಡಿ. ಆ ಮಾತು ಬಾಯಿಂದ ಹೊರಡಲಿಲ್ಲ. ಕೈಯಾಡಿಸಿ, ತಿರುಗಿ ಓಡಿದಳು. ಹಿಂದಿನಿಂದ ನಗು ಕೇಳಿಸಿತು.

ಅಂಗಳದ ನಡುವೆ ಬಂದಾಗ ಸೈರನ್ ಕೂಗಿತು.

ಅದು ಬೆಟ್ಟದ ಬುಡದಿಂದ ಎದ್ದು, ಶಿಬಿರದ ತಗಡುಗಳನ್ನು ನಡುಗಿಸಿ, ಎದೆಯೊಳಗೆ ಇಳಿಯಿತು. ಹಿಂದಿನ ನಗು ಕತ್ತರಿಸಿದಂತೆ ನಿಂತಿತು. ಅವಳು ಮೇಲೆ ನೋಡಿದಳು. ನಿಯಂತ್ರಣ ಕೊಠಡಿಯ ಕಿಟಕಿಯಲ್ಲಿ ಎಂಜಿನಿಯರ್ ಕಾಣಿಸಿದರು. ಅಂಕಿಗೆ ಕಾಯದೆ ಒತ್ತಿದ್ದರು. ಒಡೆದ ಗಾಜು ಅವರ ಬೆರಳನ್ನು ಕೊಯ್ದಿತ್ತು. ಅವಳು ಒಳಗೆ ಬಂದಾಗ ವರದಿಯ ಹಾಳೆಯ ಮೇಲೆ ರಕ್ತದ ಹನಿಗಳಿದ್ದವು.

“ಟೋಪಿ ಹಾರಲಿಲ್ಲ ಅಂದ್ನಲ್ಲ ಅವನು,” ಎಂದರು, ಕೇಳದಿದ್ದರೂ. “ಅಷ್ಟು ಸಾಕು ಅನ್ನಿಸ್ತು.”

ಅಕ್ಕ ಕಂಪ್ಯೂಟರಿಗೆ ಹಳೆಯ ವಿಳಾಸವನ್ನು ಕೈಯಿಂದಲೇ ಬರೆದಳು. ಇಪ್ಪತ್ತು. ಚಾಪೆ ಹಾಸುವ ಆಜ್ಞೆ ಕೊಟ್ಟಳು. ಈ ಸಲ ಯಾವ ಉತ್ತರವೂ ಬರಲಿಲ್ಲ. ಉತ್ತರ ಬರದಿದ್ದರೆ ಒಪ್ಪಿತೆಂದು ಅರ್ಥ. ಗೋಡೆಯ ಪರದೆ ಒಮ್ಮೆ ಮಿಟುಕಿತು.

ಆರನೇ ಚೌಕ ಬೂದು ಬಣ್ಣಕ್ಕೆ ತಿರುಗಿತು. ಸತ್ತ ಮೂಗು ಮತ್ತೆ ಸತ್ತಿತು. ಉಳಿದ ಐದರಲ್ಲಿ ಮೂರು ಕೆಂಪಾದವು. ಮೂರನೆಯದು ಒಂದು ಬಿಂದು ನಾಲ್ಕು. ನಾಲ್ಕನೆಯದು ಎರಡು ಬಿಂದು ಆರು. ಕೊರೆಯುವ ಜಾಗಕ್ಕೆ ಎಲ್ಲಕ್ಕಿಂತ ಹತ್ತಿರವಿದ್ದ ಐದನೆಯದು ಮೂರು ಬಿಂದು ಒಂದು.

ಎಂಜಿನಿಯರ್ ಫ್ಯಾನಿನದ್ದೂ ಸೇರಿ ಒಳಗಿನ ವಿದ್ಯುತ್ತನ್ನೆಲ್ಲ ಕಡಿದರು; ಮೂಗುಗಳು ಮಾತ್ರ ತಮ್ಮದೇ ಬ್ಯಾಟರಿಯಲ್ಲಿ ಉಳಿದವು. ಈಗ ಗುಂಡಿ ಒತ್ತಲು ಯಾರಾದರೂ ಹೋದರೆ ಆ ಗುಂಡಿಯ ಕಿಡಿಯೇ ಸಾಕಿತ್ತು.

ಕಾವಲುಗಾರ ಫೋನಿನಲ್ಲಿ ಎಣಿಸತೊಡಗಿದ. ಒಳಗೆ ಹೋಗುವಾಗ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹಲಗೆಯ ಮೊಳೆಗೆ ತೂಗುಹಾಕಿ ಹೋಗುತ್ತಾನೆ, ಬಂದ ಮೇಲೆ ತಾನೇ ತೆಗೆದುಕೊಳ್ಳುತ್ತಾನೆ. ಇನ್ನೊಬ್ಬರ ಬಿಲ್ಲೆ ಮುಟ್ಟುವಂತಿಲ್ಲ.

“ಇಬ್ಬರು ಬಂದ್ರು ಸಾರ್… ನಾಲ್ಕು… ಓಡ್ಬೇಡ್ರೋ, ನಡೀರಿ, ನಡೀರಿ… ಐದು.”

ಐದನೆಯ ಮೂಗು ಮೂರು ಬಿಂದು ನಾಲ್ಕು ತೋರಿಸಿತು. ಅಕ್ಕ ಅದನ್ನೇ ನೋಡುತ್ತಿದ್ದಳು. ಮೂರು ಬಿಂದು ನಾಲ್ಕು. ಮೂರು ಬಿಂದು ನಾಲ್ಕು. ನಾಲ್ಕನೆಯದು ಎರಡು ಬಿಂದು ಒಂಬತ್ತು, ಮತ್ತೆ ಎರಡು ಬಿಂದು ಒಂಬತ್ತು.

“ನಿಂತಿತು ಅನ್ಸತ್ತೆ,” ಎಂದರು ಎಂಜಿನಿಯರ್, ಉಸಿರು ಬಿಟ್ಟು. “ಏರೋದು ನಿಂತಿತು.”

“ಇಲ್ಲ ಸಾರ್.” ಅವಳು ಐದೂ ಚೌಕಗಳತ್ತ ಕೈ ಮಾಡಿದಳು. “ಐದೂ ಒಟ್ಟಿಗೆ ನಿಂತಿವೆ. ಗ್ಯಾಸ್ ನಿಂತಿದ್ದಲ್ಲ, ಅಂಕಿ ಬರೋದು ನಿಂತಿದೆ.”

ಒಂದೇ ವಿಳಾಸವನ್ನು ಇಬ್ಬರು ಹಿಡಿದುಕೊಂಡರೆ ಯಾರಿಗೂ ಸರಿಯಾಗಿ ದಕ್ಕುವುದಿಲ್ಲ. ಕ್ಯಾಂಟೀನಿನಲ್ಲಿ ಯಾರೋ ಮ್ಯಾಚಿನ ಕೊನೆಯ ಎರಡು ನಿಮಿಷದ ಆಸೆಗೆ ಪ್ಲಗ್ಗು ಸಿಕ್ಕಿಸಿದ್ದರು, ಆಮೇಲೆ ಸೈರನ್ನಿಗೆ ಎಲ್ಲರೂ ಎದ್ದು ಓಡಿದ್ದರು. ಖಾಲಿ ಬೆಂಚುಗಳ ಮುಂದೆ ಟಿವಿ ಇಪ್ಪತ್ತನೇ ನಂಬರಿನ ಮೇಲೆ ಕೂತಿತ್ತು.

“ಟಿವಿ ಮತ್ತೆ ಹಾಕಿದ್ದಾರೆ. ನಾನು ಹೇಳ್ಲಿಲ್ಲ… ಬಾಯೇ ಬರ್ಲಿಲ್ಲ ಸಾರ್.”

ಎಂಜಿನಿಯರ್ ದಪ್ಪ ಆಳು, ಮೆಟ್ಟಿಲು ಹತ್ತಿದರೆ ಅರ್ಧದಲ್ಲಿ ನಿಂತು ಸುಧಾರಿಸಿಕೊಳ್ಳುವವರು. ಅವರು ಅಂಗಳ ದಾಟಿ ಓಡುವುದನ್ನು ಅವಳು ಕಿಟಕಿಯಿಂದ ನೋಡಿದಳು. ಫೋನಿನಲ್ಲಿ ಕಾವಲುಗಾರ ಎಂಟು ಎಂದ. ಒಂಬತ್ತು ಎಂದ. ಪರದೆಯಲ್ಲಿ ಮೂರು ಬಿಂದು ನಾಲ್ಕು ಕದಲಲಿಲ್ಲ. ಅದು ಈಗ ನಾಲ್ಕಾಗಿರಬಹುದು, ಐದಾಗಿರಬಹುದು. ಮತ್ತೆ ನೆಲವನ್ನು ನೋಡುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿತು. ಕುರ್ಚಿಯ ತುದಿಯಲ್ಲಿ ಕೂತು ಪರದೆಯನ್ನೇ ನೋಡಿದಳು.

ಅಂಕಿಗಳು ಜಿಗಿದವು. ಐದನೆಯದು ಮೂರು ಬಿಂದು ಒಂಬತ್ತು.

ಎಂಜಿನಿಯರ್ ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಟಿವಿಯ ವೈರಿತ್ತು. ವೈರಿನ ತುದಿಯಲ್ಲಿ ಪ್ಲಗ್ಗು, ಪ್ಲಗ್ಗಿಗೆ ಅಂಟಿಕೊಂಡು ಗೋಡೆಯ ಸಾಕೆಟ್ಟಿನ ಅರ್ಧ.

“ಹನ್ನೊಂದು ಸಾರ್,” ಎಂದ ಕಾವಲುಗಾರ.

ಎಣಿಕೆ ಅಲ್ಲಿಗೇ ನಿಂತಿತು.

“ಹನ್ನೆರಡನೇದು?” ಎಂದು ಕೇಳಿದವಳು ಅಕ್ಕ.

“ಅಕ್ಕಾ… ನೀವಾ?” ಫೋನಿನಲ್ಲಿ ಗಾಳಿ, ಕೆಮ್ಮು, ಹಲವು ದನಿಗಳು. “ನಿಮ್ಮ ತಮ್ಮನ ಬಿಲ್ಲೆ ಹಂಗೇ ಇದೆ.”

“ಎಲ್ಲಿದ್ದಾನೆ ಅವನು?”

ಫೋನು ಕೈ ಬದಲಾಯಿತು. ಕೊರೆಯುವವರ ಮೇಸ್ತ್ರಿಯ ಒರಟು ದನಿ. “ಹಿಂದೆ ಉಳ್ಕೊಂಡ ಕಣಮ್ಮ. ಗಾಡಿ ತುಂಬಾ ಕಲ್ಲಿತ್ತು, ದಾರಿ ಇಳಿಜಾರು. ಬ್ರೇಕು ನಂಬೋ ಹಾಗಿಲ್ಲ. ಜಾರಿದ್ರೆ ನಾವು ನಡ್ಕೊಂಡು ಬರೋ ದಾರೀಲೇ ಬಂದು ಅರೆದು ಹಾಕ್ತಿತ್ತು. ಚಕ್ರಕ್ಕೆ ಮರದ ತುಂಡು ಕೊಟ್ಟು ಬರ್ತೀನಿ, ನೀವು ನಡೀರಿ ಅಂದ.”

“ನೀವು ಬಿಟ್ಟು ಬಂದ್ರಾ?”

“ನಮ್ಮ ಬೆನ್ನ ಹಿಂದೆನೇ ಇರ್ತಾನೆ ಅಂದ್ಕೊಂಡ್ವಿ,” ಎಂದ ಮೇಸ್ತ್ರಿ.

ಅವಳು ಎದ್ದಳು. ಬಾಗಿಲವರೆಗೆ ಹೋದಳು, ನಿಂತಳು, ತಿರುಗಿ ಬಂದಳು. ಸುರಂಗದ ಬಾಯಿಗೆ ಹೋದರೂ ಒಳಗೆ ಬಿಡುವುದಿಲ್ಲ. ಇಲ್ಲಿ ಅವಳು ಇಲ್ಲದಿದ್ದರೆ, ಅಂಕಿಗಳು ಮತ್ತೆ ನಿಂತರೆ, ಯಾರಿಗೂ ತಿಳಿಯುವುದಿಲ್ಲ. ಒಳಗೆ ಹೋಗಲು ಸುರಂಗದ ಬಾಯಲ್ಲಿ ಶಿಬಿರದ ರಕ್ಷಣಾ ತಂಡ ಆಮ್ಲಜನಕದ ಸಿಲಿಂಡರು ಬೆನ್ನಿಗೇರಿಸಿಕೊಳ್ಳುತ್ತಿತ್ತು. ಐದು ದಾಟಿದರೆ ಅವರನ್ನು ತಡೆಯಬೇಕಾದದ್ದು ಈ ಪರದೆಯ ಮುಂದಿರುವವರು.

“ಕೂತ್ಕೊಳ್ಳಿ ಅಕ್ಕಾ,” ಎಂದರು ಎಂಜಿನಿಯರ್. ಈ ಸಲ ಕೆಮ್ಮಲಿಲ್ಲ.

ಅವಳು ಕೂತಳು. ಪರದೆಯ ಮೇಲೆ ಮನುಷ್ಯರು ಕಾಣುವುದಿಲ್ಲ. ಐದು ಚೌಕ, ಐದು ಅಂಕಿ. ಐದನೆಯದರ ಹತ್ತಿರ ಎಲ್ಲೋ ಗಾಡಿ ನಿಂತಿದೆ. ಅಲ್ಲಿಂದ ನಾಲ್ಕನೆಯದಕ್ಕೆ, ಮೂರನೆಯದಕ್ಕೆ ಅವನು ಕತ್ತಲಲ್ಲಿ ನಡೆಯುತ್ತಿರಬೇಕು, ಇಲ್ಲವೇ ನಡೆಯದೆ ಬಿದ್ದಿರಬೇಕು. ಗಾಳಿಯಲ್ಲಿ ಅನಿಲ ಹೆಚ್ಚಾದಷ್ಟು ಉಸಿರಿಗೆ ಬೇಕಾದದ್ದು ಕಡಿಮೆಯಾಗುತ್ತದೆ. ಮೊದಲು ತಲೆ ಹಗುರವಾಗುತ್ತದೆ, ಕೂರಬೇಕೆನಿಸುತ್ತದೆ. ಕೂತವನು ಏಳುವುದಿಲ್ಲ. ನಾಲ್ಕು ಬಿಂದು ಎರಡು. ಎಲ್ಲೂ ಕೂರಬೇಡ ಎಂದು ಅವಳು ತುಟಿಯಲ್ಲೇ ಹೇಳುತ್ತಿದ್ದಳು. ಚಿಕ್ಕವನಿದ್ದಾಗ ನಡೆಯಲು ಬೇಜಾರಾದರೆ ದಾರಿಯ ಮಧ್ಯೆ ಕುಕ್ಕರಿಸಿಬಿಡುತ್ತಿದ್ದ, ಅವಳೇ ಎತ್ತಿಕೊಳ್ಳಬೇಕಿತ್ತು. ನಾಲ್ಕು ಬಿಂದು ಐದು. ಸುತ್ತಿಗೆ ಕಬ್ಬಿಣದ್ದು. ಮರದ ತುಂಡನ್ನು ಚಕ್ರದಡಿ ಕೂರಿಸಲು ಹೊಡೆಯಲೇಬೇಕು. ಹಳಿಗೆ ಒಂದು ಏಟು ತಗುಲಿದರೆ ಸಾಕು. ಅದನ್ನು ಯೋಚಿಸಿದ್ದಾನೆಯೇ?

“ಶಬ್ದ ಏನಾದ್ರೂ ಕೇಳ್ಸತ್ತಾ?” ಎಂದು ಎಂಜಿನಿಯರ್ ಫೋನಿಗೆ ಪಿಸುಗುಟ್ಟಿದರು.

“ಇಲ್ಲ ಸಾರ್.”

ನಾಲ್ಕು ಬಿಂದು ಎಂಟು. ಎಂಜಿನಿಯರ್ ರಕ್ಷಣಾ ತಂಡಕ್ಕೆ ಕಾಯುವಂತೆ ಹೇಳಿದರು. ಹೇಳುವಾಗ ಅವಳ ಕಡೆ ನೋಡಲಿಲ್ಲ. ಅವಳು ಬೇಡವೆನ್ನಲಿಲ್ಲ. ಅವರೂ ಯಾರಿಗೋ ತಮ್ಮಂದಿರು.

ಐದು ಬಿಂದು ಒಂದು.

ಆಗ ಫೋನಿನಲ್ಲಿ ಗದ್ದಲವೆದ್ದಿತು. ಹತ್ತಾರು ಮಂದಿ ಒಟ್ಟಿಗೆ ಕೂಗುತ್ತಿದ್ದರು, ಒಂದು ಪದವೂ ಬಿಡಿಸಿ ಕೇಳಿಸುತ್ತಿರಲಿಲ್ಲ. ಅಕ್ಕ ಕಿವಿ ಮುಚ್ಚಿಕೊಂಡಳು. ಎಂಜಿನಿಯರ್ ಅವಳ ಮಣಿಕಟ್ಟು ಹಿಡಿದು ಕೈಯನ್ನು ಕಿವಿಯಿಂದ ಕೆಳಗಿಳಿಸಿದರು.

“ಅಕ್ಕಾ,” ಎಂದಿತು ಫೋನು. ದೀರ್ಘವಾದ ಕೆಮ್ಮು. “ಗಾಡಿ ತಪ್ತು ಕಣೇ. ನಡ್ಕೊಂಡೇ ಬಂದೆ.”

ಅವಳಿಗೆ ಬೈಯಬೇಕೆನಿಸಿತು. ಬಾಯಿಗೆ ಬಂದದ್ದು ಬೇರೆ. “ಯಾವುದರಲ್ಲಿ ಹೊಡೆದೆ?”

“ಏನನ್ನ?”

“ಮರದ ತುಂಡನ್ನ.”

“ಹೆಲ್ಮೆಟ್ಟಲ್ಲಿ. ಸುತ್ತಿಗೇಲಿ ಹೊಡೆಯಕ್ಕೆ ನಾನೇನು ದಡ್ಡನಾ?” ಮತ್ತೆ ಕೆಮ್ಮು. “ಹೆಲ್ಮೆಟ್ಟು ಒಡೆದು ಹೋಯ್ತು. ನನ್ನ ಸಂಬಳದಲ್ಲಿ ಹಿಡೀಬೇಡಿ ಅಂತ ನಿಮ್ಮ ಸಾರಿಗೆ ಹೇಳು.”

ಐದನೆಯ ಮೂಗು ಮೂರೂಕಾಲು ಗಂಟೆಗೆ ಐದು ಬಿಂದು ಆರರವರೆಗೆ ಏರಿತು. ಕಿಡಿ ಹಾರಲಿಲ್ಲ. ಹೊರಗಿನಿಂದ ತಂದ ಫ್ಯಾನುಗಳಿಗೆ ಸುರಂಗದ ಗಾಳಿಯನ್ನು ತೊಳೆಯಲು ಮರುದಿನ ಮಧ್ಯಾಹ್ನದವರೆಗೆ ಹಿಡಿಯಿತು. ಒಳಗೆ ಹೋದವರು ನೋಡಿದಾಗ ಗಾಡಿ ನಿಂತಲ್ಲೇ ನಿಂತಿತ್ತು. ಮುಂದಿನ ಎರಡು ಚಕ್ರಗಳಡಿ ಮರದ ತುಂಡುಗಳು, ಅವುಗಳ ತಲೆಯ ಮೇಲೆ ಹಳದಿ ಪ್ಲಾಸ್ಟಿಕ್ಕಿನ ಚೂರುಗಳು.

ವಿಚಾರಣೆಗೆ ಬಂದ ಮೂವರ ಮುಂದೆ ಅಕ್ಕ ನಡೆದದ್ದನ್ನು ಕ್ರಮವಾಗಿ ಹೇಳಿದಳು. ಸುರಂಗದ ಫೋಲ್ಡರ್ ಸಿಗದಿದ್ದರೂ ಕಂಪ್ಯೂಟರ್ ಕಾಯದೆ ಶುರುವಾಗಲಿ ಎಂಬ ಅರ್ಥದ ಒಂದು ಪದವನ್ನು ಅದರ ಸೆಟ್ಟಿಂಗ್ ಫೈಲಿಗೆ ಕಳೆದ ಬೇಸಿಗೆಯಲ್ಲಿ ಸೇರಿಸಿದ್ದು ತಾನೇ, ಪರದೆ ಹೊತ್ತಿಕೊಳ್ಳಲು ತಡವಾಗುತ್ತದೆ ಎಂದು ದೂರಿದ್ದು ಎಂಜಿನಿಯರ್, ಅಡಿಯಲ್ಲಿ ಹಳೆಯ ಫೈಲುಗಳಿದ್ದುದು ಇಬ್ಬರಿಗೂ ಗೊತ್ತಿರಲಿಲ್ಲ ಎಂದಳು. ಎಂಜಿನಿಯರ್ ಅದನ್ನೇ ಹೇಳಿದರು. ಸಂಜೆ ಅಧಿಕಾರಿಗಳು ಅವಳ ಮನೆಗೆ ಬಂದು ಆರನೇ ಮೂಗಿನ ಮುಚ್ಚಳ ಕೇಳಿದರು. ಅಮ್ಮ ಚಮಚದಿಂದ ಸೋಪು ಕೆರೆದು, ತೊಳೆದು, ಒರೆಸಿ ಕೊಟ್ಟಳು. ಅವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೊಹರು ಮಾಡಿ, ಕೊಂಡೊಯ್ದರು.